ಟೋಪಿ, ಮೆಟ್ಟು, ರೇಷ್ಮೆ, ಚಹಾ: ಬೀಜಿಂಗ್‌ನ ಚಿಯೆನ್‌ಮೆನ್ ಪೇಟೆ ಸುತ್ತುವ ನನ್ನ ಕ್ರಮ

"ತಲೆಗೆ ಮಾ ಜುಯುವಾನ್, ಕಾಲಿಗೆ ನೈಲಿಯೆನ್‌ಶೆಂಗ್, ಮೈಗೆ ಎಂಟು ಶಿಯಾಂಗ್, ಸೊಂಟಕ್ಕೆ ನಾಲ್ಕು ಹೆಂಗ್." ಇದು ಹಳೇ ಬೀಜಿಂಗ್‌ನ ಮಾತು. ಟೋಪಿ ಅಂಗಡಿ, ಮೆಟ್ಟಿನ ಅಂಗಡಿ, ಜವಳಿ ಅಂಗಡಿಗಳು, ಹಣದ ಕೋಠಿಗಳು: ಉಳ್ಳವರು ಅಡಿಯಿಂದ ಮುಡಿಯವರೆಗೆ ಯಾರ ಸರಕು ತೊಡುತ್ತಿದ್ದರು ಎಂಬ ಪಟ್ಟಿ ಅದು. ಚಿಯೆನ್‌ಮೆನ್ ಪೇಟೆಯನ್ನು ನಾನು ಸುತ್ತುವುದು ಈ ಪಟ್ಟಿ ಹಿಡಿದೇ. ನಾಲ್ಕು ಹೆಂಗ್‌ಗಳು ಇದ್ದದ್ದು ಊರಿನ ಇನ್ನೊಂದು ಮೂಲೆಯಲ್ಲಿ, ಈಗ ಇಲ್ಲ. ಉಳಿದವುಗಳಲ್ಲಿ ಕೆಲವು ಇವತ್ತಿಗೂ ವ್ಯಾಪಾರ ಮಾಡುತ್ತಿವೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಚಿಯೆನ್‌ಮೆನ್ ಎಂದರೆ ಸುಮಾರು 840 ಮೀಟರ್ ಉದ್ದದ ಅಗಲವಾದ ಬೀದಿ. 2008ರ ಒಲಿಂಪಿಕ್ಸ್‌ಗೆ ಮುನ್ನ ಇದನ್ನು ಬಹುಪಾಲು ಹೊಸದಾಗಿ ಕಟ್ಟಿದರು. ಹಕ್ಕಿಪಂಜರದ ಆಕಾರದ ದೀಪದ ಕಂಬ, ಹಳೇ ಮಾದರಿಯ ಟ್ರಾಮ್, ಆರು ಕಂಬಗಳ ಬಣ್ಣದ ಕಮಾನು ಎಲ್ಲ ಆಗಿನವು. ನೋಡಲು ಚೆಂದ, ಇಪ್ಪತ್ತು ನಿಮಿಷ ಸಾಕು. ನಿಜವಾದ ಪೇಟೆ ಇರುವುದು ಪಶ್ಚಿಮಕ್ಕೆ ಒಡೆಯುವ ದಾಶಿಲಾರ್ ಓಣಿಯಲ್ಲಿ. ಉದ್ದ 275 ಮೀಟರ್ ಅಷ್ಟೇ, ಆದರೆ ಅರ್ಧ ದಿನ ಇಡಿ. ಹೆಸರಿನಲ್ಲೊಂದು ತೊಡಕಿದೆ: ಅಕ್ಷರ ಓದಿದರೆ "ದಾ ಚಾ ಲಾನ್" ಆಗುತ್ತದೆ, ಊರವರು ಹೇಳುವುದು "ದಾಶಿಲಾರ್". ಅರ್ಥ ದೊಡ್ಡ ಕಟಕಟೆ. ರಾತ್ರಿ ಕಳ್ಳರ ಭಯಕ್ಕೆ ಓಣಿಯ ಬಾಯಿಗೆ ಹಾಕುತ್ತಿದ್ದ ಮರದ ತಡೆಬಾಗಿಲಿನಿಂದ ಬಂದ ಹೆಸರು. ಟ್ಯಾಕ್ಸಿಯವರಿಗೆ ಊರವರ ಉಚ್ಚಾರವನ್ನೇ ಹೇಳಿ.

ಹೆಚ್ಚಿನವರು ಎರಡನೇ ಮಾರ್ಗದ ಚಿಯೆನ್‌ಮೆನ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ದಕ್ಷಿಣಕ್ಕೆ ನಡೆಯುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. 7 ಮತ್ತು 8ನೇ ಮಾರ್ಗಗಳು ಕೂಡುವ ಚೂಶಿಕೋವ್‌ನಲ್ಲಿ ಇಳಿದು ಉತ್ತರಕ್ಕೆ ನಡೆದರೆ ಜನಸಂದಣಿ ಎದುರಾಗುವುದು ಕೊನೆಗೆ. ಕಣ್ಣೆದುರಿಗೆ ಝೆಂಗ್‌ಯಾಂಗ್‌ಮೆನ್ ಕೋಟೆಬಾಗಿಲ ಬಾಣಗೋಪುರ ದೊಡ್ಡದಾಗುತ್ತ ಬರುತ್ತದೆ, ಅದರ ದಕ್ಷಿಣ ಮುಖಕ್ಕೆ ಬಿಸಿಲೂ ಬಿದ್ದಿರುತ್ತದೆ. 2024ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 7.8 ಕಿಲೊಮೀಟರ್ ಉದ್ದದ ಬೀಜಿಂಗ್ ನಡು ಅಕ್ಷದ ಮೇಲೆಯೇ ನೀವು ನಡೆಯುತ್ತಿರುತ್ತೀರಿ. ಪೇಟೆ ಈ ಬಾಗಿಲ ಹೊರಗೇ ಬೆಳೆದದ್ದಕ್ಕೆ ಕಾರಣವಿದೆ. ಮಂಚು ಅರಸರು ಹಾನ್ ಚೀನೀಯರನ್ನು ಒಳಕೋಟೆಯಿಂದ ಹೊರಗೆ ಕಳಿಸಿದರು, ನಾಟಕದ ಮನೆಗಳಿಗೆ ಒಳಗೆ ಜಾಗ ಕೊಡಲಿಲ್ಲ. ಅಂಗಡಿ, ರಂಗ, ಹೋಟೆಲು ಎಲ್ಲ ಹೊಸಿಲಾಚೆ ಬೀಡುಬಿಟ್ಟವು. 1900ರ ಬಾಕ್ಸರ್ ದಂಗೆಯ ಬೆಂಕಿಯಲ್ಲಿ ದಾಶಿಲಾರ್ ಸುಟ್ಟುಹೋಯಿತು. ಈಗ ಕಾಣುವ ಹಳೇ ಮುಂಭಾಗಗಳು ಅದರ ನಂತರದವು.

ಹೊರಡುವ ಮೊದಲು ಫೋನ್ ಸಿದ್ಧ ಮಾಡಿಕೊಳ್ಳಿ. ಹಣ ಪಾವತಿಯ ಅಲಿಪೇ ಆ್ಯಪ್ ಹಾಕಿಕೊಂಡು ಪಾಸ್‌ಪೋರ್ಟ್ ದೃಢೀಕರಣ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಣೆ ಊರಲ್ಲೇ ಮುಗಿಸಿ. ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆದಿರಬೇಕು. ಅಂಗಡಿಯಲ್ಲಿ ಹಣ ಹೋಗದಿರಲು ಮೊದಲ ಕಾರಣ ಇದೇ. ಒಂದು ಬಿಲ್ 200 ಯುವಾನ್ ದಾಟಿದರೆ ಶೇ. 3 ಶುಲ್ಕ ಬೀಳುತ್ತದೆ. ಗೂಗಲ್ ನಕ್ಷೆಯನ್ನು ನಂಬಬೇಡಿ: ಚೀನಾದ ನಕ್ಷೆಗಳ ಅಕ್ಷಾಂಶ-ರೇಖಾಂಶ ಬೇರೆ ಲೆಕ್ಕದವು, ಚುಕ್ಕೆ ಕೆಲವು ನೂರು ಮೀಟರ್ ಆಚೆ ತೋರಿಸುತ್ತದೆ. ಗಾವೊದೆ ನಕ್ಷೆ ಸರಿ. ಕ್ಯಾಮೆರಾದಿಂದ ಅನುವಾದ ಮಾಡುವಾಗಲೂ ಎಚ್ಚರ. ಹಳೇ ಅಂಗಡಿಗಳ ಮರದ ಹಲಗೆಗಳನ್ನು ಬಲದಿಂದ ಎಡಕ್ಕೆ ಬರೆದಿರುತ್ತಾರೆ. ಆ್ಯಪ್ ಎಡದಿಂದ ಓದಿ ಅರ್ಥವಿಲ್ಲದ ಹೆಸರು ಕೊಡುತ್ತದೆ.

ಇನ್ನು ಅಳತೆ. ಇದು ಕೈವಶವಾದರೆ ಅರ್ಧ ಪೇಟೆ ಕೈವಶವಾದಂತೆ. ಒಂದು ಜಿನ್ ಎಂದರೆ 500 ಗ್ರಾಂ, ಒಂದು ಲಿಯಾಂಗ್ 50 ಗ್ರಾಂ, ಒಂದು ಛಿ 33.3 ಸೆಂಟಿಮೀಟರ್. ಚಹಾ ಅಂಗಡಿಯ ಚೀಟಿಯಲ್ಲಿರುವ ದರ ಜಿನ್‌ನದೋ ಲಿಯಾಂಗ್‌ನದೋ ನೋಡದೆ ತೂಗಿಸಿದರೆ ಬಿಲ್ ಹತ್ತು ಪಟ್ಟಾಗುತ್ತದೆ. ಬೆರಳೆಣಿಕೆಯೂ ನಮ್ಮದಲ್ಲ. ಹೆಬ್ಬೆರಳು-ತೋರುಬೆರಳು ಚಾಚಿದರೆ ಎರಡಲ್ಲ, ಎಂಟು. ಹೆಬ್ಬೆರಳು-ಕಿರುಬೆರಳು ಚಾಚಿದರೆ ಆರು.

ದಾಶಿಲಾರ್‌ನಲ್ಲಿ ನನಗೆ ಅತಿ ಪ್ರಿಯವಾದದ್ದು ನೈಲಿಯೆನ್‌ಶೆಂಗ್. 1853ರ ಮೆಟ್ಟಿನ ಅಂಗಡಿ. "ಸಾವಿರ ಪದರದ ಅಟ್ಟೆ" ಎನ್ನುವುದು ಹೆಸರಿಗೆ, ನಿಜದಲ್ಲಿ ಮೂವತ್ತಕ್ಕೂ ಹೆಚ್ಚು ಪದರ ಹತ್ತಿಬಟ್ಟೆ. ಅದನ್ನು ನಾರಿನ ಹುರಿಯಲ್ಲಿ ಒತ್ತೊತ್ತಾಗಿ ಹೊಲಿಯುತ್ತಾರೆ: ಒಂದು ಚದರ ಚೀನೀ ಅಂಗುಲಕ್ಕೆ 81 ಹೊಲಿಗೆ, ಒಂದು ಅಟ್ಟೆಗೆ 2,100ಕ್ಕೂ ಮೇಲೆ. ಅಳತೆ ಮಿಲಿಮೀಟರ್‌ನಲ್ಲಿ. ಯುರೋಪಿನ ಸೈಜಿಗೆ ಹತ್ತು ಸೇರಿಸಿ ಐದರಿಂದ ಗುಣಿಸಿ: 40 ಆದರೆ 250. ಬಟ್ಟೆ ಕಾಲಿಗೆ ಒಗ್ಗುತ್ತ ಸಡಿಲವಾಗುವುದರಿಂದ ಅಂಗಡಿಯಲ್ಲಿ ತುಸು ಬಿಗಿ ಇದ್ದದ್ದನ್ನೇ ಆರಿಸಬೇಕು. ಹಿತವಾಗಿದೆ ಎಂದು ಕೊಂಡದ್ದು ತಿಂಗಳಲ್ಲಿ ಹಿಮ್ಮಡಿಯಿಂದ ಜಾರುತ್ತದೆ. ಪಾದ ಉಬ್ಬಿರುವ ಮಧ್ಯಾಹ್ನದ ಹೊತ್ತು ಹಾಕಿ ನೋಡಿ. ನೀರು ಈ ಅಟ್ಟೆಯ ಶತ್ರು. ನಮ್ಮ ಮಳೆಗಾಲಕ್ಕೆ ತರುವುದಾದರೆ ಅಡಿಗೆ ತೆಳು ರಬ್ಬರ್ ಅಂಟಿಸಿದ ಜೊತೆಯೇ ಸರಿ.

"ಎಂಟು ಶಿಯಾಂಗ್"ಗಳಲ್ಲಿ ಮುಂಚೂಣಿಯದು ರುಯ್‌ಫುಶಿಯಾಂಗ್. 1949ರಲ್ಲಿ ತಿಯೆನಾನ್‌ಮೆನ್‌ನಲ್ಲಿ ಏರಿದ ಮೊದಲ ಪಂಚತಾರೆ ಬಾವುಟದ ರೇಷ್ಮೆ ಇಲ್ಲಿಯದು. ದರ ಮೀಟರ್‌ಗೋ ಛಿಗೋ ಎಂದು ಮೊದಲು ಕೇಳಿ, ಆಮೇಲೆ ಪನ್ನ ಕೇಳಿ. 114 ಸೆಂಟಿಮೀಟರ್ ಪನ್ನವಾದರೆ ಸೀರೆಗೆ ಐದೂವರೆ ಮೀಟರ್, ರವಿಕೆಗೆ ಒಂದು ಮೀಟರ್ ಲೆಕ್ಕ ಹಿಡಿಯುತ್ತೇನೆ. ಪನ್ನ ಕಿರಿದಾದರೆ ಸೀರೆಯ ಆಸೆ ಬಿಡಿ. ರೇಷ್ಮೆಯ ತೂಕವನ್ನು ಮೊಮ್ಮಿಯಲ್ಲಿ ಹೇಳುತ್ತಾರೆ, ಒಂದು ಮೊಮ್ಮಿ ಚದರ ಮೀಟರ್‌ಗೆ ಸುಮಾರು 4.3 ಗ್ರಾಂ. ರವಿಕೆ, ಅಂಗಿಗೆ 16ರಿಂದ 19 ಇರಲಿ. ಚೀಟಿಯಲ್ಲಿ "ಹಿಪ್ಪುನೇರಳೆ ರೇಷ್ಮೆ ಶೇ. 100" ಎಂಬ ಅರ್ಥ ಬರಬೇಕು. ರೇಷ್ಮೆ ಎಂಬ ಪದಕ್ಕೆ ಮೊದಲು "ಅನುಕರಣೆ" ಸೇರಿದ್ದರೆ ಅದು ಪಾಲಿಯೆಸ್ಟರ್. ಓಣಿಯ ಚಿಲ್ಲರೆ ಅಂಗಡಿಗಳಲ್ಲಿ ಇದು ಮಾಮೂಲು. ಒಂದೆಳೆ ಸುಟ್ಟು ನೋಡಿದರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೆಸರಾಂತ ಹಳೇ ಅಂಗಡಿಗಳಲ್ಲಿ ಚೌಕಾಸಿ ನಡೆಯದು, ಚಿಲ್ಲರೆ ಅಂಗಡಿಗಳಲ್ಲಿ ಮಾಡಲೇಬೇಕು.

ಚಾಂಗ್ ಯಿಯುವಾನ್ ಚಹಾದಂಗಡಿಯಲ್ಲಿ ಬೀಜಿಂಗ್‌ನವರು ಕೊಳ್ಳುವುದು ಮಲ್ಲಿಗೆ ಚಹಾ. ಹಸಿರು ಚಹಾದೆಲೆಯ ಜೊತೆ ಬಿರಿಯುವ ಮಲ್ಲಿಗೆಯನ್ನು ಹರಡಿ, ಎಲೆ ಪರಿಮಳ ಹೀರಿದ ಮೇಲೆ ಹೂವನ್ನು ತೆಗೆದುಬಿಡುತ್ತಾರೆ. ಹಾಗಾಗಿ ಎಸಳು ಕಾಣದಿರುವುದು ಕುಂದಲ್ಲ. ಎರಡು ಲಿಯಾಂಗ್ ಕೊಳ್ಳಿ. ಲೋಟಕ್ಕೆ 3 ಗ್ರಾಂ ಹಾಕಿದರೆ ಮೂವತ್ಮೂರು ಲೋಟ. ನೀರು ಕುದಿದು ಕೊಂಚ ಆರಿರಬೇಕು, ಹಾಲು ಬೇಡವೇ ಬೇಡ. ಬೀದಿಯಲ್ಲಿ ಪರಿಚಯ ಮಾಡಿಕೊಂಡು "ಚಹಾ ಕುಡಿಯೋಣ ಬನ್ನಿ" ಎನ್ನುವವರ ಹಿಂದೆ ಹೋಗಬೇಡಿ, ಬಿಲ್ ಸಾವಿರಗಳಲ್ಲಿ ಬರುತ್ತದೆ.

1669ರ ತೊಂಗ್‌ರೆನ್‌ತಾಂಗ್ ಔಷಧದಂಗಡಿಯ ಖಾನೆಗಳ ಗೋಡೆ ನೋಡುವಂಥದ್ದು. ಆದರೆ ಗುಳಿಗೆ ಕೊಳ್ಳಬೇಡಿ ಎನ್ನುತ್ತೇನೆ. ಅಲ್ಲಿನ ಪ್ರಸಿದ್ಧ ಗುಳಿಗೆಯೊಂದರಲ್ಲಿ ಪಾದರಸದ ಅದಿರಾದ ಇಂಗಲೀಕವಿದೆ, ಆರ್ಸೆನಿಕ್‌ನ ಅದಿರಾದ ಮನಶಿಲೆಯಿದೆ. ಕಸ್ಟಮ್ಸ್‌ನಲ್ಲೂ ತಕರಾರು.

ಸಸ್ಯಾಹಾರಿಗಳಿಗೆ ಊಟ ಕಷ್ಟ. ಬೇಯಿಸಿದ ರೊಟ್ಟಿ, ಪದರದ ಬಿಸ್ಕತ್ತುಗಳಲ್ಲೂ ಹಂದಿಕೊಬ್ಬು ಇರಬಹುದು. ಸಾಮಾನ್ಯವಾಗಿ ತಿನ್ನಬಹುದಾದದ್ದು ಬಟಾಣಿಯ ಹಳದಿ ಬರ್ಫಿ, ಸೋಯಾಹಿಟ್ಟಿನಲ್ಲಿ ಹೊರಳಿಸಿದ ಅಂಟಕ್ಕಿಯ ಸುರುಳಿ, ಸಕ್ಕರೆ ಪಾಕದ ಹಾಥಾರ್ನ್ ಕಡ್ಡಿ. ಹೆಸರುಕಾಳಿನ ಪಿಷ್ಟ ತೆಗೆದು ಉಳಿದ ನೀರನ್ನು ಹುಳಿ ಬರಿಸಿದ ದೌಚಿಯನ್ನು ಬಿಸಿಯಾಗಿ, ಉಪ್ಪಿನಕಾಯಿ ಜೊತೆ ಕುಡಿಯಿರಿ. ತಣಿದರೆ ನಾತ ಹೆಚ್ಚುತ್ತದೆ.

ತೆರಿಗೆ ಮರುಪಾವತಿ ಮರೆಯಬೇಡಿ. ಆ ಸೌಲಭ್ಯದ ಫಲಕವಿರುವ ಒಂದೇ ಅಂಗಡಿಯಲ್ಲಿ ಒಂದೇ ದಿನ ಒಟ್ಟು 200 ಯುವಾನ್ ಕೊಂಡಿದ್ದರೆ ಪಾಸ್‌ಪೋರ್ಟ್ ತೋರಿಸಿ ಅರ್ಜಿ ಮಾಡಿಸಿಕೊಳ್ಳಿ. ಸರಕು ಬಳಸದೆ 90 ದಿನದೊಳಗೆ ಒಯ್ಯಬೇಕು. ಅಡುಗೆ ಚಾಕು ಕೊಂಡರೆ ಮೆಟ್ರೊ ತಪಾಸಣೆಯಲ್ಲಿ ಒಳಗೆ ಬಿಡುವುದಿಲ್ಲ, ಟ್ಯಾಕ್ಸಿಯೇ ಗತಿ.

ಓಣಿ ಮುಗಿದ ಮೇಲೆ ಪಶ್ಚಿಮಕ್ಕೆ ಯಾಂಗ್‌ಮೇಚೂ ಓರೆಬೀದಿ ಹಿಡಿದರೆ ಲಿಯುಲಿಛಾಂಗ್ ಸಿಗುತ್ತದೆ, ಕುಂಚ-ಕಾಗದದ ಬೀದಿ. ಶುವಾನ್ ಕಾಗದದಲ್ಲಿ "ಹಸಿ" ಎಂದರೆ ಮಸಿ ಹರಡುವುದು, "ಬೆಂದ" ಎಂದರೆ ಪಟಿಕ ಸವರಿ ಹರಡದಂತೆ ಮಾಡಿದ್ದು. ಸೂಕ್ಷ್ಮ ಗೆರೆಯ ಚಿತ್ರಕ್ಕೆ ಎರಡನೆಯದನ್ನೇ ಕೇಳಿ. ನಾಲ್ಕು ಛಿಯ ಹಾಳೆ 69 × 138 ಸೆಂಟಿಮೀಟರ್. ಮಡಿಸಿದರೆ ಗೀರು ಹೋಗುವುದಿಲ್ಲ, ಗಟ್ಟಿ ಕೊಳವೆಯಲ್ಲಿ ಸುತ್ತಿಸಿಕೊಳ್ಳಿ.