ಹೆಗಲಿನಿಂದ ಆರಂಭವಾಗುವ ಮರುಹೊಲಿಗೆ

ದೊಡ್ಡ ಅಳತೆಯ ಹಳೆಯ ಶರ್ಟೊಂದನ್ನು ಮೈಗೆ ಹೊಂದಿಸಲು ಹೊರಟವರು ಸಾಮಾನ್ಯವಾಗಿ ಅದನ್ನು ಒಳಮೈ ಹೊರಗಾಗಿ ತಿರುವಿ, ಎರಡೂ ಪಕ್ಕಗಳಲ್ಲಿ ಒಂದೊಂದು ಉದ್ದನೆಯ ಹೊಲಿಗೆ ಹಾಕಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಸೊಂಟದ ಬಳಿ ಬಟ್ಟೆ ಬಿಗಿಯಾಯಿತೇನೋ ನಿಜ, ಆದರೆ ಹೆಗಲಿನ ಹೊಲಿಗೆ ರಟ್ಟೆಯ ಮೇಲೆ ಜೋತುಬಿದ್ದೇ ಇತ್ತು, ಕಂಕುಳಿನ ಕೆಳಗೆ ಬಾವಲಿಯ ರೆಕ್ಕೆಯಂತೆ ಬಟ್ಟೆ ಗುಡ್ಡೆಯಾಗಿತ್ತು, ಕೈ ಎತ್ತಿದರೆ ಇಡೀ ಅಂಗಿಯೇ ಮೇಲಕ್ಕೆ ಏರುತ್ತಿತ್ತು. ಅಂಗಿಯೊಂದು ಮೈಮೇಲೆ ಸರಿಯಾಗಿ ಕೂರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹೆಗಲು ಮತ್ತು ತೋಳು ಕೂರುವ ಸುತ್ತು, ಅಂದರೆ ದರ್ಜಿಗಳು ಆರ್ಮ್‌ಹೋಲ್ ಎನ್ನುವ ಭಾಗ. ಪಕ್ಕದ ಹೊಲಿಗೆಯ ಸರದಿ ಅದರ ನಂತರದ್ದು. ಇಲ್ಲಿ ಗಂಡಸರ ದೊಡ್ಡ ಹತ್ತಿ ಶರ್ಟೊಂದನ್ನು ಹೆಂಗಸರ ಮೈಯಳತೆಯ ಟಾಪ್ ಆಗಿ ಮಾರ್ಪಡಿಸುವ ಕ್ರಮವನ್ನು ವಿವರಿಸಿದ್ದೇನೆ.

ಬೆಂಗಳೂರಿನಲ್ಲಿ ಇಂಥ ಬಟ್ಟೆಗೆ ಕೊರತೆಯಿಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹಳೆಯ ಉಡುಪುಗಳ ರಾಶಿಗಳು ಸಿಗುತ್ತವೆ. ಪೀಣ್ಯ, ಬೊಮ್ಮನಹಳ್ಳಿಗಳಂತಹ ಕಡೆ ಗಾರ್ಮೆಂಟ್ ಕಾರ್ಖಾನೆಗಳಿರುವ ಊರಾದ್ದರಿಂದ ರಫ್ತಿಗೆಂದು ಹೊಲಿದು ಉಳಿದುಹೋದ ದೊಡ್ಡ ಅಳತೆಯ ಶರ್ಟುಗಳೂ ಅಗ್ಗದ ಅಂಗಡಿಗಳಿಗೆ ಬರುತ್ತವೆ. ಆರಿಸುವಾಗ ಬಣ್ಣ, ಚಿತ್ತಾರಗಳಿಗಿಂತ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ಕಂಕುಳಿನ ಸುತ್ತ ನೂಲು ಸವೆದಿದೆಯೇ ಎಂದು ನೋಡಬೇಕು, ಏಕೆಂದರೆ ಹೊಸ ಹೊಲಿಗೆ ಬೀಳುವುದು ಅದರ ಆಸುಪಾಸಿನಲ್ಲಿಯೇ. ಕಾಲರ್ ಸವೆದಿದ್ದರೆ ಚಿಂತೆಯಿಲ್ಲ, ಅದು ಹೇಗೂ ಹೋಗುವಂಥದ್ದು. ಹತ್ತಿಯೋ ಪಾಲಿಯೆಸ್ಟರೋ ಎಂಬ ಅನುಮಾನವಿದ್ದರೆ ಮನೆಗೆ ತಂದ ಮೇಲೆ ಒಳಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆ ಕಲಿಯುತ್ತಿರುವವರಿಗೆ ಹತ್ತಿಯೇ ಸರಿ. ಅದು ಇಸ್ತ್ರಿಯ ಮಾತು ಕೇಳುತ್ತದೆ. ತಂದ ಬಟ್ಟೆಯನ್ನು ಕತ್ತರಿ ಮುಟ್ಟಿಸುವ ಮೊದಲು ಒಗೆದು, ಚೆನ್ನಾಗಿ ಒಣಗಿಸಿ, ಇಸ್ತ್ರಿ ಹಾಕಲೇಬೇಕು. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗಲು ಎರಡು ದಿನ ಹಿಡಿದರೂ ಕಾಯುವುದು ಒಳ್ಳೆಯದು, ಏಕೆಂದರೆ ತೇವವಿರುವ ಬಟ್ಟೆ ಸುಲಭವಾಗಿ ಹಿಗ್ಗಿ ಅಳತೆ ತಪ್ಪಿಸುತ್ತದೆ.

ಉದಾಹರಣೆಗೆ ಒಂದು ಲೆಕ್ಕ ಹಿಡಿಯೋಣ. ಶರ್ಟಿನ ಎದೆ ಸುತ್ತಳತೆ 48 ಇಂಚು, ಹೆಗಲು ಒಂದು ತುದಿಯಿಂದ ಇನ್ನೊಂದು ತುದಿಗೆ 20 ಇಂಚು. ತೊಡುವವರ ಎದೆ 36, ಸೊಂಟ 30, ಹೆಗಲು ಹದಿನಾಲ್ಕೂವರೆ ಇಂಚು. ಹಿಗ್ಗದ ನೇಯ್ಗೆಯ ಬಟ್ಟೆಯಲ್ಲಿ ಉಸಿರಾಡಲು, ಕೈಯಾಡಿಸಲು ಎದೆಯ ಸುತ್ತ ಸುಮಾರು 4 ಇಂಚು ಲೂಸ್ ಬೇಕಾಗುತ್ತದೆ. ಆದ್ದರಿಂದ ಸಿದ್ಧ ಅಂಗಿಯ ಎದೆ 40 ಇಂಚು, ಅದರ ಕಾಲುಭಾಗ 10 ಇಂಚು. ಹೊಲಿಗೆಗೆ ಬಿಡುವ ಅರ್ಧ ಇಂಚು ಮಾರ್ಜಿನ್ ಸೇರಿದರೆ, ಮುಂಭಾಗದ ನಡುಗೆರೆಯಿಂದ ಪಕ್ಕಕ್ಕೆ ಹತ್ತೂವರೆ ಇಂಚು. ಈ ಅಳತೆಗಳನ್ನು ಕಂದು ಬಣ್ಣದ ಕಾಗದದ ಮೇಲೆ ಬರೆದುಕೊಳ್ಳಬಹುದು, ಅಥವಾ ನಿಮಗೆ ಚೆನ್ನಾಗಿ ಕೂರುವ ಹಳೆಯ ಕುರ್ತಿಯೊಂದನ್ನು ಮಡಿಸಿಟ್ಟು ಅದರ ಅಂಚನ್ನೇ ಗುರುತು ಮಾಡಿಕೊಳ್ಳಬಹುದು. ದಿನಪತ್ರಿಕೆಯನ್ನು ಬಳಸಬೇಡಿ, ಅದರ ಮಸಿ ಬಿಳಿ ಬಟ್ಟೆಗೆ ಹತ್ತಿಕೊಳ್ಳುತ್ತದೆ.

ಇನ್ನು ಬಿಚ್ಚುವ ಕೆಲಸ. ಶರ್ಟಿನ ಪಕ್ಕದ ಹೊಲಿಗೆಯೂ ತೋಳಿನ ಹೊಲಿಗೆಯೂ ಸಾಮಾನ್ಯವಾಗಿ ಅಂಚನ್ನು ಒಳಗೆ ಮಡಿಸಿ ಎರಡು ಸಾಲಿನಲ್ಲಿ ಹಾಕಿದವು. ಎಲ್ಲವನ್ನೂ ಬಿಚ್ಚುತ್ತ ಕುಳಿತರೆ ಒಂದು ಮಧ್ಯಾಹ್ನವೇ ಹೋದೀತು. ನನ್ನ ಅಭಿಪ್ರಾಯದಲ್ಲಿ ಬಟ್ಟೆ ಸಾಲದಾಗಬಹುದಾದ ಕಡೆ ಮಾತ್ರ, ಅಂದರೆ ತೋಳಿನ ಸುತ್ತಿನಲ್ಲಿ, ಒಂದೊಂದೇ ಹೊಲಿಗೆಯನ್ನು ತಾಳ್ಮೆಯಿಂದ ಬಿಚ್ಚಬೇಕು. ಹೇಗೂ ಕತ್ತರಿಸಿ ಹೋಗುವ ಪಕ್ಕದ ಹೊಲಿಗೆಯನ್ನು ಅದರ ಅಂಚಿಗೇ ಕತ್ತರಿಸಿಬಿಟ್ಟರೆ ನಷ್ಟವಿಲ್ಲ. ಎದೆಯ ಜೇಬನ್ನು ಮೊದಲೇ ತೆಗೆಯಿರಿ, ಏಕೆಂದರೆ ಹೊಸ ಆರ್ಮ್‌ಹೋಲ್ ಅದರ ಮೇಲೆಯೇ ಹಾದುಹೋಗಬಹುದು. ಜೇಬಿನ ಅಡಿಯ ಬಟ್ಟೆ ಬಿಸಿಲು ಕಾಣದೆ ಗಾಢ ಬಣ್ಣದಲ್ಲಿಯೇ ಉಳಿದಿರುತ್ತದೆ, ಮತ್ತು ಆ ಗುರುತು ಒಗೆದರೂ ಹೋಗುವುದಿಲ್ಲ. ಅದನ್ನು ಮರೆಮಾಡಲು ಯತ್ನಿಸುವ ಬದಲು ಅದರ ಮೇಲೆ ಒಂದು ಸಾಲು ಕಸೂತಿ ಹಾಕುವುದು ಹೆಚ್ಚು ಪ್ರಾಮಾಣಿಕವಾದ ಪರಿಹಾರ.

ಬೆನ್ನಿನ ಭಾಗದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೆಗಲಿನ ಕೆಳಗೆ ಅಡ್ಡಲಾಗಿರುವ ಎರಡು ಪದರದ ಯೋಕ್‌ನ ಅಡಿಯಲ್ಲಿ ಹೆಚ್ಚಿನ ಶರ್ಟುಗಳಿಗೆ ಮಡಿಕೆಯೊಂದು ಇರುತ್ತದೆ. ಅದನ್ನು ಹಾಗೆಯೇ ಬಿಟ್ಟು ಪಕ್ಕಗಳನ್ನು ಕಿರಿದುಗೊಳಿಸಿದರೆ ಬೆನ್ನ ನಡುವೆ ಚೀಲದಂತೆ ಬಟ್ಟೆ ಉಬ್ಬುತ್ತದೆ. ಯೋಕ್‌ನ ಅಡಿಯ ಹೊಲಿಗೆಯನ್ನು ಬಿಚ್ಚಿ, ಮಡಿಕೆಯನ್ನು ಬಿಡಿಸಿ, ಇಸ್ತ್ರಿಯಿಂದ ಮಟ್ಟಸಗೊಳಿಸಿ, ಬೆನ್ನಿನ ನಡುಗೆರೆಯನ್ನೂ ಯೋಕ್‌ನ ನಡುಗೆರೆಯನ್ನೂ ಕೂಡಿಸಿ ಮತ್ತೆ ಹೊಲಿಯಿರಿ. ಇದರಿಂದ ಇನ್ನೊಂದು ಲಾಭವೂ ಇದೆ: ಮಡಿಕೆಯೊಳಗೆ ಅಡಗಿದ್ದ ಬಟ್ಟೆ ಎರಡೂ ಪಕ್ಕಕ್ಕೆ ಸರಿಯುವುದರಿಂದ ಹೊಸ ಆರ್ಮ್‌ಹೋಲ್ ಬರೆಯಲು ಬೆನ್ನಿನ ಕಡೆ ಧಾರಾಳವಾಗಿ ಜಾಗ ಸಿಗುತ್ತದೆ.

ಈಗ ಹೆಗಲು. ಕುತ್ತಿಗೆಯ ಹಿಂದಿನ ನಡುಬಿಂದುವಿನಿಂದ ಏಳೂಕಾಲು ಇಂಚು ಅಳೆದು, ಅದಕ್ಕೆ ಅರ್ಧ ಇಂಚು ಮಾರ್ಜಿನ್ ಸೇರಿಸಿ ಎರಡೂ ಕಡೆ ಚಾಕ್‌ನಿಂದ ಗುರುತು ಮಾಡಿ. ಅಲ್ಲಿಂದ ಕೆಳಕ್ಕೆ ನೇರವಾಗಿ ಅಳೆದಾಗ 36ರ ಎದೆಗೆ ಆರ್ಮ್‌ಹೋಲ್‌ನ ಆಳ ಏಳೂವರೆಯಿಂದ 8 ಇಂಚು ಇದ್ದರೆ ಸಾಕು. ಹಳೆಯ ಶರ್ಟಿನಲ್ಲಿ ಅದು 10 ಇಂಚಿಗೂ ಮೀರಿರುತ್ತದೆ, ಕೈ ಎತ್ತಿದಾಗ ಅಂಗಿ ಮೇಲೇರುವುದಕ್ಕೆ ಇದೇ ಕಾರಣ. ಹೊಸ ಸುತ್ತು ಹಳೆಯದಕ್ಕಿಂತ ಒಳಗೂ ಮೇಲೂ ಬರುವುದರಿಂದ, 8 ಇಂಚಿನ ಆಳದಲ್ಲಿ ನಡುಗೆರೆಯಿಂದ ಹತ್ತೂವರೆ ಇಂಚು ಬಟ್ಟೆ ನಿಜವಾಗಿಯೂ ಇದೆಯೇ ಎಂಬುದನ್ನು, ವಿಶೇಷವಾಗಿ ಹೆಚ್ಚು ಒಳಕ್ಕೆ ಕೊರೆದಿರುವ ಮುಂಭಾಗದಲ್ಲಿ, ಕಾಗದದ ಮಾದರಿಯನ್ನು ಇಟ್ಟು ಪರೀಕ್ಷಿಸಿದ ಬಳಿಕವೇ ಕತ್ತರಿಸಬೇಕು. ಅರ್ಧ ಇಂಚು ಕಡಿಮೆ ಬಿದ್ದರೆ ಆಳವನ್ನು ಅಷ್ಟೇ ಹೆಚ್ಚಿಸಿ. ಅದಕ್ಕಿಂತ ಹೆಚ್ಚು ಕೊರತೆಯಾದರೆ ಆ ಶರ್ಟನ್ನು ತೋಳಿಲ್ಲದ ಟಾಪ್ ಆಗಿ ಮಾಡುವುದೇ ಲೇಸು. ಗುಂಡಿಪಟ್ಟಿಯನ್ನು ಮುಟ್ಟಬೇಡಿ. ಗುಂಡಿಗಳನ್ನೆಲ್ಲ ಹಾಕಿ, ಅದರ ನಡುಗೆರೆಯ ಮೇಲೆ ಮಡಿಸಿ, ಎಡಬಲಗಳನ್ನು ಒಟ್ಟಿಗೆ ಕತ್ತರಿಸಿದರೆ ಎರಡೂ ಸಮನಾಗುತ್ತವೆ.

ತೋಳಿನ ಮೇಲ್ತುದಿಯ ಕಮಾನು ಗಂಡಸರ ಶರ್ಟಿನಲ್ಲಿ ಅಗಲವಾಗಿ, ತಗ್ಗಾಗಿ ಇರುತ್ತದೆ. ಮೈಗೆ ಕೂರುವ ತೋಳಿಗೆ ಅದು ಕಿರಿದಾಗಿ, ಸುಮಾರು 5 ಇಂಚು ಎತ್ತರವಾಗಿ ಇರಬೇಕು. ಅಗಲವಾದುದರೊಳಗೆ ಕಿರಿದಾದುದು ಸುಲಭವಾಗಿ ಹಿಡಿಯುತ್ತದೆಯಾದ್ದರಿಂದ ಇಲ್ಲಿ ಬಟ್ಟೆಯ ಚಿಂತೆಯಿಲ್ಲ. ತೋಳನ್ನು ಗಿಡ್ಡ ಮಾಡಬೇಕಿದ್ದರೆ ಕೆಳಗಿನ ಕಫನ್ನು ಕತ್ತರಿಸದೆ, ಹೊಸ ಕಮಾನನ್ನೇ 3 ಇಂಚು ಕೆಳಗೆ ಸರಿಸಿ ಬರೆಯಿರಿ. ಆಗ ಕಾರ್ಖಾನೆಯ ಅಚ್ಚುಕಟ್ಟಾದ ಕಫ್, ಕಾಜಾ, ಗುಂಡಿಗಳೆಲ್ಲ ಹಾಗೆಯೇ ಉಳಿಯುತ್ತವೆ. ಕಮಾನಿನ ಉದ್ದ ಆರ್ಮ್‌ಹೋಲ್‌ನ ಸುತ್ತಳತೆಗಿಂತ 1 ಇಂಚಿನಷ್ಟು ಹೆಚ್ಚಿರಲಿ, ಅಳೆಯುವಾಗ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿಯಿರಿ. ಆ ಹೆಚ್ಚಿನ ಒಂದಿಂಚನ್ನು ಮೇಲ್ಭಾಗದಲ್ಲಿ ನೆರಿಗೆ ಕಾಣದಂತೆ ಹಂಚಿ ಗುಂಡುಪಿನ್ನು ಚುಚ್ಚಬೇಕು. ಇಡೀ ಕೆಲಸದಲ್ಲಿ ಕೈ ಪಳಗಬೇಕಾದ ಜಾಗ ಇದೊಂದೇ ಎನ್ನಬಹುದು. ಎರಡು ಸಲ ಬಿಚ್ಚಿ ಹೊಲಿಯಬೇಕಾಗಿ ಬಂದರೆ ಬೇಸರಪಡಬೇಕಾಗಿಲ್ಲ.

ಕೊನೆಯ ಹೊಲಿಗೆಗೆ ಮೊದಲು ಎಲ್ಲವನ್ನೂ ಕೈಯಿಂದ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಯಾವ ಅಂಗಿಯೂ ಸರಿಯಾಗಿಯೇ ಕಾಣುತ್ತದೆ. ಕುರ್ಚಿಯಲ್ಲಿ ಕುಳಿತು, ಬಸ್ಸಿನಲ್ಲಿ ಕಂಬಿ ಹಿಡಿಯುವಂತೆ ಕೈ ಮೇಲೆತ್ತಿ ಪರೀಕ್ಷಿಸಬೇಕು. ಸೊಂಟದ ಆಕಾರವನ್ನು ಈ ಹಂತದಲ್ಲಿಯೇ ತೆಗೆಯಬೇಕು. ಎದೆ 40 ಇಂಚು, ಸೊಂಟ ಲೂಸ್ ಸೇರಿ 34 ಇಂಚು ಎಂದಾದರೆ ಕಳೆಯಬೇಕಾದದ್ದು 6 ಇಂಚು. ಅದರಲ್ಲಿ 2 ಇಂಚನ್ನು ಪಕ್ಕದ ಹೊಲಿಗೆಗಳಲ್ಲಿ ತೆಗೆದು, ಉಳಿದ ನಾಲ್ಕನ್ನು ಮುಂದೆ ಎರಡು, ಹಿಂದೆ ಎರಡು, ತುದಿಗೆ ಚೂಪಾಗುವಂತೆ ಹೊಲಿಯುವ ಮಡಿಕೆಗಳಿಗೆ, ಅಂದರೆ ಡಾರ್ಟ್‌ಗಳಿಗೆ ತಲಾ ಒಂದಿಂಚಿನಂತೆ ಹಂಚಿ. ಮುಂದಿನ ಡಾರ್ಟ್ ಎದೆಯ ತುದಿಗಿಂತ ಒಂದಿಂಚು ಕೆಳಗೇ ನಿಲ್ಲಬೇಕು, ಇಲ್ಲದಿದ್ದರೆ ಅಲ್ಲಿ ಮೊನೆ ಏಳುತ್ತದೆ. ಡಾರ್ಟ್‌ನ ತುದಿಯಲ್ಲಿ ಹಿಂದುಮುಂದು ಹೊಲಿಯದೆ, ದಾರವನ್ನು ಉದ್ದವಾಗಿ ಬಿಟ್ಟು ಕೈಯಲ್ಲಿ ಗಂಟು ಹಾಕಿದರೆ ಬಟ್ಟೆ ಸುಕ್ಕುಗಟ್ಟುವುದಿಲ್ಲ.

ಮಿಷನ್‌ನಲ್ಲಿ ಶರ್ಟಿನ ಬಟ್ಟೆಗೆ 14ನೇ ನಂಬರಿನ ಸೂಜಿ, ತೆಳು ಮಲ್‌ಗೆ 11ನೇ ನಂಬರಿನದು ಸಾಕು. ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರ್, ಅಂದರೆ ಇಂಚಿಗೆ ಸುಮಾರು ಹತ್ತು ಹೊಲಿಗೆ. ಮೊದಲು ಹೆಗಲು, ಆಮೇಲೆ ಪಕ್ಕ, ಕಡೆಗೆ ತೋಳು. ಹೊಲಿದ ಪ್ರತಿಯೊಂದು ಗೆರೆಯನ್ನೂ ಮುಂದಿನದಕ್ಕೆ ಹೋಗುವ ಮೊದಲು ಇಸ್ತ್ರಿ ಮಾಡಿ. ಕಾಲಿನಿಂದ ತುಳಿಯುವ ಹಳೆಯ ಮಿಷನ್‌ನಲ್ಲಿ ನೇರ ಹೊಲಿಗೆ ಮಾತ್ರ ಬರುವುದರಿಂದ ಅಂಚುಗಳಿಗೆ ನೂಲು ಬಿಚ್ಚದಂತೆ ಸುತ್ತಿ ಹೊಲಿಯುವ ಓವರ್‌ಲಾಕ್ ಬೇಕಾದರೆ ಬಡಾವಣೆಯ ಪಿಕೋ, ಫಾಲ್ ಮಾಡುವ ಅಂಗಡಿಗೆ ಕೊಡಬಹುದು. ದಾರ, ಗುಂಡಿ, ಕ್ಯಾನ್ವಾಸ್‌ಗಳನ್ನು ಚಿಕ್ಕಪೇಟೆಯಿಂದ ಒಟ್ಟಿಗೆ ತಂದಿಟ್ಟುಕೊಂಡರೆ ಪದೇ ಪದೇ ಓಡಾಡುವ ಕಷ್ಟ ತಪ್ಪುತ್ತದೆ.

ಟೀ ಶರ್ಟಿನಂತಹ ಹಿಗ್ಗುವ ಬಟ್ಟೆಗೆ ಈ ಲೆಕ್ಕಗಳು ಹೊಂದುವುದಿಲ್ಲ. ಅದಕ್ಕೆ ಲೂಸ್ ಬಿಡಬೇಕಾಗಿಲ್ಲ, ಮೊನೆ ಉರುಟಾದ ಬಾಲ್‌ಪಾಯಿಂಟ್ ಸೂಜಿ ಮತ್ತು ಜಿಗ್‌ಜಾಗ್ ಹೊಲಿಗೆ ಬೇಕು.

ಕೊರಳಿನ ಮಟ್ಟಿಗೆ, 17 ಇಂಚಿನ ಕಾಲರನ್ನು ಚಿಕ್ಕದು ಮಾಡುವ ಸಾಹಸಕ್ಕೆ ಕೈ ಹಾಕದೆ ಅದನ್ನು ಪೂರ್ತಿ ಬಿಚ್ಚಿ, ಪಕ್ಕದಿಂದ ಕತ್ತರಿಸಿ ಉಳಿದ ಬಟ್ಟೆಯಲ್ಲಿ ಎಳೆಗೆ ಓರೆಯಾಗಿ ಒಂದೂಕಾಲು ಇಂಚಿನ ಪಟ್ಟಿ ಕತ್ತರಿಸಿ ದುಂಡು ಕೊರಳಿಗೆ ಕಟ್ಟಿಬಿಡಿ. ಓರೆಯಾಗಿ ಕತ್ತರಿಸಿದ ಪಟ್ಟಿ ಮಾತ್ರ ತಿರುವಿನಲ್ಲಿ ಸುಕ್ಕಿಲ್ಲದೆ ಬಾಗುತ್ತದೆ. ಕೆಳಗಿನ ಅಂಚನ್ನು ಅಂದೇ ಮಡಿಸಬೇಡಿ. ಅಂಗಿಯನ್ನು ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿದರೆ ಪಕ್ಕಗಳಲ್ಲಿ ಓರೆಯಾಗಿ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೆ ತುಸು ಇಳಿಯುತ್ತದೆ. ಬೆಳಿಗ್ಗೆ ಅದನ್ನು ತೊಟ್ಟು, ನೆಲದಿಂದ ಸುತ್ತಲೂ ಒಂದೇ ಎತ್ತರಕ್ಕೆ ಯಾರಿಂದಲಾದರೂ ಗುರುತು ಮಾಡಿಸಿಕೊಂಡ ಮೇಲೆ ಮಡಿಸಿ ಹೊಲಿಯಿರಿ.