ಮಳೆಗಾಲದಲ್ಲಿ ನಿಂತ ಯಂತ್ರಗಳು: ಆಸ್ತಿ ನಿರ್ವಹಣೆಯಲ್ಲಿ ನನ್ನ ಅನುಭವ

ಚಿಕ್ಕಮಗಳೂರಿನ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜದ ಸಿಪ್ಪೆ ಸುಲಿದು ವಿಂಗಡಿಸುವ ಕಾರ್ಖಾನೆಯಲ್ಲಿ, ಯಂತ್ರಗಳ ನಿರ್ವಹಣೆ ನನ್ನ ಹೊಣೆ. ಡಿಸೆಂಬರಿನಲ್ಲಿ ತೋಟಗಳಿಂದ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ) ಮತ್ತು ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು) ಬರತೊಡಗಿದರೆ ಮೇ ಕಳೆಯುವವರೆಗೆ ಸಿಪ್ಪೆ ಸುಲಿಯುವ ಹಲ್ಲರ್, ಬೀಜ ವಿಂಗಡಿಸುವ ಗ್ರೇಡರ್, ಬೀಜ ಮೇಲೆತ್ತುವ ಎಲಿವೇಟರ್‌ಗಳಿಗೆ ಬಿಡುವಿರುವುದಿಲ್ಲ. ಮುಂಗಾರು ಹಿಡಿದ ಮೇಲೆ ಅವುಗಳಲ್ಲಿ ಹೆಚ್ಚಿನವು ತಿಂಗಳುಗಟ್ಟಲೆ ನಿಂತೇ ಇರುತ್ತವೆ.

ಒಂದು ವರ್ಷ ಸೀಸನ್ ಶುರುವಾದ ಮೊದಲ ವಾರದಲ್ಲೇ ನಮ್ಮ ಮೂರು ಮೋಟರ್‌ಗಳು ಸುಟ್ಟವು. ಕಾರಣ ಹುಡುಕಲು ಹಳೆಯ ಲಾಗ್ ಪುಸ್ತಕಗಳನ್ನು ತೆಗೆದರೆ ಪುಟಪುಟದಲ್ಲೂ ‘ಮೋಟರ್ ಹೋಯಿತು, ರಿವೈಂಡಿಂಗ್‌ಗೆ ಕಳಿಸಿದೆ’ ಎಂಬ ಒಂದೇ ಸಾಲು. ಯಾವ ಮೋಟರ್, ಎಷ್ಟು ಕಾಲ ನಿಂತಿತ್ತು, ಕೆಟ್ಟದ್ದು ವೈಂಡಿಂಗೋ (ಒಳಗಿನ ತಂತಿಯ ಸುರುಳಿ) ಶಾಫ್ಟನ್ನು ಹೊರುವ ಬೇರಿಂಗೋ ಎಂಬುದು ಎಲ್ಲಿಯೂ ಇರಲಿಲ್ಲ. ಆ ಪುಸ್ತಕಗಳನ್ನು ಬರೆದವರಲ್ಲಿ ನಾನೂ ಒಬ್ಬ.

ಆಸ್ತಿ ನಿರ್ವಹಣೆಯ, ಅಂದರೆ ಸಂಸ್ಥೆಯೊಂದು ತನ್ನ ಯಂತ್ರ, ಕಟ್ಟಡಗಳಂಥ ಆಸ್ತಿಯನ್ನು ನೋಡಿಕೊಳ್ಳುವ ಬಗೆಯ, ಅಂತರರಾಷ್ಟ್ರೀಯ ಮಾನಕಗಳಾದ ಐಎಸ್‌ಒ 55000 ಸರಣಿಯನ್ನು ನಾನು ಓದಲು ಹಿಡಿದದ್ದು ಆ ಸೀಸನ್ ಮುಗಿದ ಮೇಲೆ. ಬ್ರಿಟಿಷ್ ಮಾನಕ ಸಂಸ್ಥೆ 2004ರಲ್ಲಿ ಹೊರತಂದ ಪಾಸ್ 55 ಎಂಬ ದಾಖಲೆಯಿಂದ ಬೆಳೆದ ಈ ಸರಣಿ ಹಲವು ದೇಶಗಳ ತಜ್ಞರು ಒಟ್ಟಿಗೆ ಕುಳಿತು ತಿದ್ದಿದ ಮೇಲೆ 2014ರಲ್ಲಿ ಪ್ರಕಟವಾಯಿತು. 2024ರಲ್ಲಿ ಪರಿಷ್ಕಾರವೂ ಆಗಿದೆ. ಯಾವ ಬೋಲ್ಟನ್ನು ಯಾವಾಗ ಬಿಗಿಯಬೇಕೆಂದು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಂಸ್ಥೆಗೆ ಏನು ಮುಖ್ಯ, ಅದಕ್ಕೆ ಈ ಯಂತ್ರ ಹೇಗೆ ನೆರವಾಗುತ್ತಿದೆ, ಅದರ ಮೇಲೆ ಮಾಡುವ ಖರ್ಚಿಗೂ ತಾಳಿಕೊಳ್ಳುವ ಅಪಾಯಕ್ಕೂ ಆಧಾರವೇನು ಎಂದು ಅದು ಕೇಳುತ್ತದೆ. ಈ ಪ್ರಶ್ನೆಗಳನ್ನು ನಮ್ಮ ಕಾರ್ಖಾನೆಗೆ ಇಳಿಸುವುದು ಹೇಗೆಂದು ಒಬ್ಬನೇ ಕುಳಿತು ಯೋಚಿಸಿದಾಗ ನನಗೆ ದಾರಿ ಕಾಣಲಿಲ್ಲ.

ಆನ್‌ಲೈನ್ ತರಬೇತಿಯೊಂದರಲ್ಲಿ ನ್ಯೂಜಿಲೆಂಡಿನ ಹಾಲಿನ ಕಾರ್ಖಾನೆಯೊಂದರ ನಿರ್ವಹಣಾ ಎಂಜಿನಿಯರ್ ಪರಿಚಯವಾದರು. ಅಲ್ಲಿನ ಹಸುಗಳಲ್ಲಿ ಹೆಚ್ಚಿನವು ವಸಂತಕ್ಕೆ ಕರು ಹಾಕುವುದರಿಂದ ಜೂನ್–ಜುಲೈನ ಚಳಿಗಾಲದಲ್ಲಿ ಹಾಲು ತೀರಾ ಕಡಿಮೆಯಾಗಿ, ಅನೇಕ ಕಾರ್ಖಾನೆಗಳು ಯಂತ್ರಗಳನ್ನು ನಿಲ್ಲಿಸಿ ದುರಸ್ತಿಗೆ ತೊಡಗುತ್ತವೆ. ನಮ್ಮ ಮಲೆನಾಡಿನ ಮಳೆಗಾಲವೂ ಅದೇ. ತಿಂಗಳಿಗೊಮ್ಮೆ, ಇಲ್ಲಿ ಮಧ್ಯಾಹ್ನ 1 ಗಂಟೆ ಅಲ್ಲಿ ಸಂಜೆ 7.30 ಆಗುವ ಹೊತ್ತಿಗೆ, ವೀಡಿಯೊ ಕರೆಯಲ್ಲಿ ಮಾತನಾಡಲು ಶುರು ಮಾಡಿದೆವು.

ಮೊದಲ ಎರಡು ಕರೆಗಳಲ್ಲಿ ನಮ್ಮ ಅಂಕಿಗಳು ಒಂದಕ್ಕೊಂದು ಹೊಂದಲೇ ಇಲ್ಲ. ನಾನು ಮೆಗ್ಗರ್ ಎಂಬ ಉಪಕರಣ ಹಿಡಿದು ವೈಂಡಿಂಗಿನ ನಿರೋಧನ (ತಂತಿಯ ಹೊದಿಕೆ ವಿದ್ಯುತ್ ಸೋರದಂತೆ ತಡೆಯುವ ಶಕ್ತಿ) ಅಳೆದಿದ್ದೆ, ಅವರೂ ಅಳೆದಿದ್ದರು. ಆದರೆ ಅಳೆದಾಗ ವೈಂಡಿಂಗ್ ಎಷ್ಟು ಬಿಸಿಯಿತ್ತೆಂಬುದನ್ನು ನಾನು ಬರೆದಿಟ್ಟಿರಲಿಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ನಿರೋಧನದ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಎಲ್ಲ ಅಳತೆಗಳನ್ನೂ 40 ಡಿಗ್ರಿಗೆ ತಂದು ಹೋಲಿಸುವುದೆಂದೂ, 415 ವೋಲ್ಟಿನ ಮೋಟರಿನ ನಿರೋಧನ 5 ಮೆಗಾಓಮ್‌ಗಿಂತ ಕೆಳಗಿದ್ದರೆ ಒಣಗಿಸದೆ ಚಾಲೂ ಮಾಡಬಾರದೆಂದೂ ಗೊತ್ತುಮಾಡಿಕೊಂಡೆವು. ಕೆಟ್ಟದ್ದನ್ನು ಬರೆಯುವ ಬಗೆಯನ್ನು ತೈಲ ಮತ್ತು ಅನಿಲ ಉದ್ಯಮದ ಐಎಸ್‌ಒ 14224 ಮಾನಕದಿಂದ ತೆಗೆದುಕೊಂಡೆವು: ಯಂತ್ರ ಹೇಗೆ ಕೆಲಸ ತಪ್ಪಿತು, ಒಳಗೆ ಆದ ಹಾನಿ ಯಾವುದು, ಅದಕ್ಕೆ ಮೂಲವೇನು ಎಂದು ಮೂರು ಬೇರೆ ಕಾಲಂಗಳು. ನಾವು ಪಡೆದುಕೊಂಡದ್ದರಲ್ಲಿ ಈ ಮೂರು ಕಾಲಂಗಳಿಗಿಂತ ದೊಡ್ಡದು ಬೇರೊಂದಿಲ್ಲವೆಂದೇ ನನ್ನ ಎಣಿಕೆ.

ಆ ಕಾಲಂಗಳನ್ನು ತುಂಬಬೇಕಾದವರು ನಮ್ಮ ಹಿರಿಯ ಫಿಟ್ಟರ್. ಇಂಗ್ಲಿಷಿನ ನಮೂನೆಯನ್ನು ಅವರ ಮುಂದಿಟ್ಟಾಗ ಅವರು ಸುಮ್ಮನಾದರು. ‘ಮೇಸ್ತ್ರಿಗಳೇ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ’ ಎಂದೆ. ‘ಮಳೇಲಿ ನಿಂತ ಮೋಟ್ರು ನೀರು ಕುಡಿಯುತ್ತೆ ಸಾರ್. ಅದನ್ನ ಒಣಗಿಸ್ದೆ ಸ್ವಿಚ್ ಹಾಕಿದ್ರೆ ಸುಡದೆ ಇನ್ನೇನಾಗುತ್ತೆ?’ ಎಂದರು. ನಾನು ವರ್ಷಗಟ್ಟಲೆ ಹುಡುಕಿದ ಕಾರಣ ಆ ಎರಡು ಮಾತಿನಲ್ಲಿತ್ತು. ‘ನೀರು ಕುಡಿದದ್ದು’ ಎಂಬುದನ್ನೇ ನಮ್ಮ ಕನ್ನಡ ನಮೂನೆಯಲ್ಲಿ ಹಾನಿಯ ಒಂದು ವರ್ಗವಾಗಿ ಅಚ್ಚು ಹಾಕಿಸಿದೆವು.

ನಿಂತ ಮೋಟರ್‌ಗಳ ಒಳಗೆ ತೇವ ಕೂರದಂತೆ ಸದಾ ಸಣ್ಣ ಶಾಖ ಕೊಡುವುದನ್ನೂ, ವಾರಕ್ಕೊಮ್ಮೆ ಶಾಫ್ಟನ್ನು ಕೈಯಿಂದ ತಿರುಗಿಸಿ ಹಿಂದಿನ ಜಾಗಕ್ಕಿಂತ ಕಾಲು ಸುತ್ತು ಆಚೆ ನಿಲ್ಲಿಸುವುದನ್ನೂ ನ್ಯೂಜಿಲೆಂಡಿನ ಗೆಳೆಯರು ಹೇಳಿಕೊಟ್ಟರು. ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಕೂತು ಗುರುತು ಮಾಡುವುದು ಇದರಿಂದ ತಪ್ಪುತ್ತದೆ. ನಮ್ಮ ಕಡೆಯಿಂದ ಹೋದದ್ದೂ ಒಂದಿದೆ. ಯಂತ್ರಗಳ ಪ್ರಾಮುಖ್ಯದ ಪಟ್ಟಿಯನ್ನು ಅವರು ವರ್ಷಕ್ಕೊಂದೇ ಮಾಡುತ್ತಿದ್ದರು. ಫೆಬ್ರವರಿಯಲ್ಲಿ ಹಲ್ಲರ್ ನಿಂತರೆ ಇಡೀ ಕಾರ್ಖಾನೆ ನಿಲ್ಲುತ್ತದೆ, ಜುಲೈಯಲ್ಲಿ ಅದು ಕೆಟ್ಟರೂ ಯಾರಿಗೂ ನಷ್ಟವಿಲ್ಲ; ಆಗ ಗೋದಾಮಿನ ಮಾಡಿನ ಶೀಟು ಸೋರಿದರೆ ಒಣಗಿಸಿಟ್ಟ ಬೀಜ ತೇವ ಹೀರಿ ಬಣ್ಣ ಕಳೆದುಕೊಳ್ಳುತ್ತದೆ ಎಂದು ವಿವರಿಸಿ, ನಮ್ಮ ಎರಡು ಪಟ್ಟಿಗಳನ್ನು ತೋರಿಸಿದೆ. ಮುಂದಿನ ಕರೆಗೆ ಅವರೂ ಚಳಿಗಾಲದ ಪಟ್ಟಿಯೊಂದನ್ನು ಬೇರೆಯಾಗಿ ಮಾಡಿಕೊಂಡು ಬಂದಿದ್ದರು.

ಆ ಕ್ರಮ ಹಿಡಿದ ಮೇಲೆ ಬಂದ ಎರಡು ಸೀಸನ್‌ಗಳ ಆರಂಭದಲ್ಲಿ ನಮ್ಮಲ್ಲಿ ಒಂದು ಮೋಟರೂ ಸುಟ್ಟಿಲ್ಲ. ಈಗ ನಾವಿಬ್ಬರೂ ತಯಾರಕರ ಫಲಕವೇ ಅಳಿಸಿಹೋದ ಹಳೆಯ ಯಂತ್ರಗಳ ಉಳಿದ ಆಯುಷ್ಯವನ್ನು ಅಂದಾಜು ಮಾಡುವ ಲೆಕ್ಕದಲ್ಲಿ ತೊಡಗಿದ್ದೇವೆ. ನಮ್ಮ ಹಳೆಯ ಹಲ್ಲರ್‌ನ ತಿರುಪು, ಜಾಲರಿಗಳ ಸವೆತವನ್ನು ಮೇಸ್ತ್ರಿಗಳು ಪ್ರತಿ ತಿಂಗಳೂ ಅಳೆದು ಬರೆಯುತ್ತಿದ್ದಾರೆ.