ಕಾರವಾರದ ಫ್ಯಾನು, ಶಿರಸಿಯ ಬಚ್ಚಲೊಲೆ: ಮನೆಯ ಶಕ್ತಿ ಲೆಕ್ಕ ಹಾಕುವ ನಮ್ಮ ಕ್ರಮ

ಕರೆಂಟ್ ಬಿಲ್ಲನ್ನಷ್ಟೇ ನೋಡಿದರೆ ನಮ್ಮ ಉತ್ತರ ಕನ್ನಡದಲ್ಲಿ ಘಟ್ಟದ ಮೇಲಿನವರು ಬಲು ಮಿತವ್ಯಯಿಗಳು, ಕೆಳಗಿನ ಕರಾವಳಿಯವರು ದುಂದುಗಾರರು. ಬಚ್ಚಲೊಲೆಗೆ ತುರುಕುವ ಕಟ್ಟಿಗೆಗೆ ಮೀಟರ್ ಇಲ್ಲವಲ್ಲ! ಹಾಗಾಗಿ ಯಾವ ಮನೆಯ ಲೆಕ್ಕಕ್ಕೆ ಕೂತರೂ ನಾವು ಎರಡು ಪುಟ ತೆರೆಯುತ್ತೇವೆ. ಒಂದು ಯುನಿಟ್‌ನದು, ಇನ್ನೊಂದು ಕಟ್ಟಿಗೆ, ಸಿಲಿಂಡರ್, ಗೋಬರ್ ಗ್ಯಾಸಿನದು.

ಯುನಿಟ್ ಪುಟ ಶುರುವಾಗುವುದು ಮೀಟರ್ ಬೋರ್ಡಿನ ಎದುರು. ಒಂದು ಯುನಿಟ್‌ಗೆ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಮೀಟರಿನ ಮುಖದ ಮೇಲೇ ಬರೆದಿರುತ್ತದೆ. ಹಲವು ಮೀಟರ್‌ಗಳಲ್ಲಿ ಅದು 3200. ಮೊದಲ ಮಿಣುಕಿಗೆ ಸೊನ್ನೆ ಅಂದುಕೊಂಡು ಹತ್ತರವರೆಗೆ ಎಣಿಸಿ, ಹಿಡಿದ ಸೆಕೆಂಡುಗಳಿಂದ 11,250ನ್ನು ಭಾಗಿಸಿದರೆ ಆ ಹೊತ್ತಿನ ವಾಟ್ ಸಿಗುತ್ತದೆ. 45 ಸೆಕೆಂಡು ಹಿಡಿದರೆ 250 ವಾಟ್. ಮೀಟರ್ 1600ರದಾದರೆ 11,250ರ ಬದಲು 22,500. ಸೊನ್ನೆಯಿಂದ ಎಣಿಸದೆ ಒಂದರಿಂದ ಎಣಿಸುವವರೇ ಹೆಚ್ಚು, ಅಲ್ಲಿಗೆ ಲೆಕ್ಕ ಹನ್ನೊಂದು ಪರ್ಸೆಂಟ್ ತಪ್ಪುತ್ತದೆ.

ರಾತ್ರಿ ಎಲ್ಲ ದೀಪ, ಫ್ಯಾನು ಆರಿಸಿ, ಫ್ರಿಜ್ಜಿನ ಸ್ವಿಚ್ಚನ್ನೂ ತೆಗೆದು ಮತ್ತೊಮ್ಮೆ ಎಣಿಸಬೇಕು. ಆಗಲೂ 60 ವಾಟ್ ಉಳಿದಿದ್ದರೆ ತಿಂಗಳಿಗೆ 43 ಯುನಿಟ್ ಸುಮ್ಮನೆ ಹೋಗುತ್ತಿದೆ. ಶಿರಸಿ, ಸಿದ್ದಾಪುರ ಕಡೆ ಇದರ ಮೂಲ ಹೆಚ್ಚಾಗಿ ಇನ್ವರ್ಟರ್. ಮಳೆಗಾಲದ ಕರೆಂಟಿನ ಅವಸ್ಥೆಗೆ ಅದಿಲ್ಲದ ಮನೆ ಕಡಿಮೆ. ಬ್ಯಾಟರಿಗೆ ವಯಸ್ಸಾದರೆ ಅಥವಾ ಡಿಸ್ಟಿಲ್ಡ್ ವಾಟರ್ ಪ್ಲೇಟಿಗಿಂತ ಕೆಳಗಿಳಿದರೆ ಚಾರ್ಜಿಂಗ್ ಮುಗಿಯುವುದೇ ಇಲ್ಲ. ಕರೆಂಟ್ ಹೋಗದ ದಿನವೂ ಬ್ಯಾಟರಿ ಮುಟ್ಟಿದರೆ ಬೆಚ್ಚಗಿದ್ದರೆ ಬದಲಿಸುವ ಕಾಲ ಬಂತು.

ಈ 43 ಯುನಿಟ್ ಸಣ್ಣದಲ್ಲ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಹಳೆಯ ಗ್ರಾಹಕರಿಗೆ ಸಿಗುವುದು 2022-23ರ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇಕಡಾ ಹತ್ತು; ತಿಂಗಳಿಗೆ 48 ಯುನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ 2024ರಿಂದ ಶೇಕಡಾ ಹತ್ತರ ಬದಲು ಹತ್ತು ಯುನಿಟ್. ಹೊಸ ಮನೆಗೆ, ಹೊಸ ಬಾಡಿಗೆದಾರರಿಗೆ ಒಟ್ಟು 58. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಯೋಜನೆ ಒಳ್ಳೆಯದೇ, ಆದರೆ ಆ ವರ್ಷ ಹೆಚ್ಚು ಸುಟ್ಟವರಿಗೆ ಹೆಚ್ಚು, ಉಳಿಸಿದವರಿಗೆ ಕಡಿಮೆ ಎಂಬ ಲೆಕ್ಕ ಉಳಿತಾಯಕ್ಕೆ ನೆರವಾಗುವುದಿಲ್ಲ. ಆಮೇಲೆ ಒಲೆ ಬಿಟ್ಟು ಗೀಸರ್ ಹಾಕಿಸಿದ ಘಟ್ಟದ ಮೇಲಿನ ಮನೆ ಮೊದಲ ಚಳಿಗಾಲದಲ್ಲೇ ಮಿತಿ ದಾಟುತ್ತದೆ.

ಕೆಳಗೆ ಕಾರವಾರ, ಅಂಕೋಲಾ, ಕುಮಟಾದಲ್ಲಿ ಯುನಿಟ್ ತಿನ್ನುವುದು ಸೆಕೆ. ಹಳೆಯ ಸೀಲಿಂಗ್ ಫ್ಯಾನಿಗೆ 75 ವಾಟ್. ದಿನಕ್ಕೆ 14 ತಾಸು ತಿರುಗಿದರೆ ತಿಂಗಳಿಗೆ 31 ಯುನಿಟ್. 30 ವಾಟಿನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನಿಗೆ 13 ಸಾಕು. ಮೂರು ಫ್ಯಾನಿರುವ ಮನೆಯಲ್ಲಿ ಮೊದಲು ಬದಲಿಸಬೇಕಾದ್ದು ಮಲಗುವ ಕೋಣೆಯದು, ಜಗಲಿಯದಲ್ಲ. ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದ್ದು 2023ರ ಜನವರಿಯಿಂದ, ಹಳೆ ಸ್ಟಾಕ್ ಕೊಟ್ಟರೆ ಬೇಡ ಅನ್ನಿ. ಬಿಎಲ್‌ಡಿಸಿ ಹಾಕಿಸುವಾಗ ಗೋಡೆಯ ರೆಗ್ಯುಲೇಟರ್ ಕಳಚಿ ನೇರ ಸ್ವಿಚ್ ಕೊಡಿಸಬೇಕು, ಇಲ್ಲವಾದರೆ ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ ಕಾರ್ಡ್ ಕೆಡುತ್ತದೆ. ಮುಂಗಾರಿಗೆ ಮೊದಲಿನ ಗುಡುಗಿನ ದಿನಗಳಲ್ಲಿ ಸಿಡಿಲಿಗೂ ಅದೇ ಕಾರ್ಡು ಸುಡುತ್ತದೆ, ಗುಡುಗು ಕೇಳಿದ ಕೂಡಲೇ ಫ್ಯೂಸ್ ತೆಗೆಯುವ ಹಳೆಯ ರೂಢಿ ಬಿಡಬೇಡಿ.

ಎಸಿಯ ಲೇಬಲ್ಲಿನ ವಾರ್ಷಿಕ ಯುನಿಟ್ ನಂಬಿ ನಮ್ಮ ಕರಾವಳಿಯ ಬಿಲ್ ಅಂದಾಜು ಮಾಡಲಾಗದು. ಅದು ವರ್ಷಕ್ಕೆ 1600 ತಾಸು ಬಳಕೆ, ಹೊರಗೆ 24ರಿಂದ 43 ಡಿಗ್ರಿ ಎಂದಿಟ್ಟು ಇಡೀ ದೇಶಕ್ಕೆ ಹಾಕಿದ ಲೆಕ್ಕ. ಕಾರವಾರದ ಕಷ್ಟ 43 ಡಿಗ್ರಿಯದಲ್ಲ, ಗಾಳಿಯಲ್ಲಿರುವ ನೀರಿನದು. ಮಷಿನ್ನಿನ ಶಕ್ತಿಯ ದೊಡ್ಡ ಪಾಲು ಆ ತೇವ ಹಿಂಡುವುದಕ್ಕೇ ಹೋಗುತ್ತದೆ. ಕಿಟಕಿಯ ಸಂದಿ ಮುಚ್ಚಿ, 26ಕ್ಕಿಟ್ಟು, ಫ್ಯಾನನ್ನು ನಿಧಾನಕ್ಕೆ ಬಿಟ್ಟರೆ 22ರ ಸುಖ ಸಿಗುತ್ತದೆ. ಎಸಿಯ ಹೊರಗಿನ ಪೆಟ್ಟಿಗೆಯನ್ನು ಸಮುದ್ರದ ಕಡೆಯ ಗೋಡೆಗೆ ಕೂರಿಸಿದರೆ ಉಪ್ಪುಗಾಳಿಗೆ ಅದರ ಅಲ್ಯೂಮಿನಿಯಂ ಫಿನ್ನುಗಳು ಬಿಳಿ ಪುಡಿಯಾಗಿ ಉದುರುತ್ತವೆ, ಸ್ಟಾರ್ ಐದಿದ್ದರೂ ಅಷ್ಟೇ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಿಹಿನೀರಿನಿಂದ ಮೆಲ್ಲಗೆ ತೊಳೆಯಬೇಕು.

ಎಸಿಗೆ ಮುಂಚೆ ಮಾಡು ನೋಡಿ. ಸೋರಿಕೆ ತಡೆಯಲೆಂದು ಸ್ಲ್ಯಾಬಿನ ಮೇಲೆ ಶೀಟ್ ಹೊದಿಸುವುದು ಇಲ್ಲಿ ಮಾಮೂಲು. ಎರಡೂ ತುದಿಯಲ್ಲಿ ಗಾಳಿಯಾಡಲು ಬಿಟ್ಟರೆ ಅದೇ ಶೀಟು ಬಿಸಿಲನ್ನೂ ತಡೆಯುತ್ತದೆ. ಇರಚಲಿಗೆ ಹೆದರಿ ಸುತ್ತ ಮುಚ್ಚಿದರೆ ಒಳಗೆ ಕಾವು ಕೂತು ಕೆಳಗಿನ ಕೋಣೆ ನಡುರಾತ್ರಿಯಾದರೂ ತಣಿಯುವುದಿಲ್ಲ.

ಬಾವಿ ಪಂಪಿನ ಪರೀಕ್ಷೆ ಸರಳ. ಒಂದು ಎಚ್‌ಪಿ ಮೋನೋಬ್ಲಾಕ್ (ಮೋಟಾರ್, ಪಂಪ್ ಒಂದೇ ಆಗಿರುವುದು) ಸುಮಾರು ಒಂದು ಕಿಲೋವಾಟ್ ಎಳೆಯುತ್ತದೆ. ನೀರಿನ ಮಟ್ಟದಿಂದ ಟ್ಯಾಂಕಿನವರೆಗೆ 18 ಮೀಟರ್ ಅಂದರೆ ಸಾವಿರ ಲೀಟರಿಗೆ 0.2 ಯುನಿಟ್, ಹನ್ನೆರಡು ನಿಮಿಷ. ಅರ್ಧ ತಾಸು ಹಿಡಿದರೆ ಬಾವಿಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಸೋರುತ್ತಿದೆ, ಇಲ್ಲವೇ ಸಕ್ಷನ್ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ. ಮೇ ತಿಂಗಳಲ್ಲಿ ನೀರು ಪಂಪಿನಿಂದ 7 ಮೀಟರ್‌ಗಿಂತ ಕೆಳಗಿಳಿದರೆ ರಿಪೇರಿಯಿಂದ ಪ್ರಯೋಜನವಿಲ್ಲ, ಪಂಪನ್ನೇ ಬಾವಿಯೊಳಗೆ ಇಳಿಸಬೇಕು. ಘಟ್ಟದ ಮೇಲೆ ಅಬ್ಬಿ (ಗುಡ್ಡದ ಝರಿ) ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುವ ಮನೆಗಳಿಗೆ ಈ ಖರ್ಚೇ ಇಲ್ಲ.

ಅವರ ಖರ್ಚಿರುವುದು ಬಚ್ಚಲಲ್ಲಿ. ನೂರು ಲೀಟರಿನ ತಾಮ್ರದ ಹಂಡೆಯ ನೀರನ್ನು 20 ಡಿಗ್ರಿಯಿಂದ 55ಕ್ಕೆ ಏರಿಸಲು ಬೇಕಾದ ಕಾವು ಸುಮಾರು 4 ಯುನಿಟ್‌ನಷ್ಟು. ಬಾಯಿ ತೆರೆದ ಹಳೆ ಒಲೆಯಲ್ಲಿ ಕಾವಿನ ನೂರರಲ್ಲಿ ಹದಿನೈದು ಪಾಲು ನೀರಿಗೆ ಸೇರಿದರೂ ಒಣ ಕಟ್ಟಿಗೆ 6 ಕೆ.ಜಿ. ಬೇಕು, ವರ್ಷಕ್ಕೆ ಎರಡು ಟನ್ ದಾಟುತ್ತದೆ. ಅಡಿಕೆ ತೂಗುವ ತಕ್ಕಡಿಯಲ್ಲೇ ವಾರವಿಡೀ ಕಟ್ಟಿಗೆ ತೂಗಿ ಬರೆದಿಟ್ಟರೆ ಮನೆಯವರೇ ಬೆರಗಾಗುತ್ತಾರೆ.

ಒಲೆ ತಿದ್ದುವ ಕೆಲಸ ಹೀಗೆ: ಹಂಡೆಯ ಹೊಟ್ಟೆಗೂ ಸುತ್ತಲಿನ ಗೋಡೆಗೂ ನಡುವೆ ಒಂದಿಂಚು ಮಾತ್ರ ಜಾಗ. ಕಟ್ಟಿಗೆ ನೆಲದ ಮೇಲಲ್ಲ, ಕಬ್ಬಿಣದ ಜಾಲರಿಯ ಮೇಲೆ; ಕೆಳಗೆ ಬೂದಿಗುಂಡಿ, ಗಾಳಿ ಅಲ್ಲಿಂದಲೇ ಬರಬೇಕು. ಕಟ್ಟಿಗೆ ಬಾಯಿಗೆ ತಗಡಿನ ಮುಚ್ಚಳ. ಬಾಯಿಯ ಎದುರು ಬದಿಯಲ್ಲಿ, ಹಂಡೆಯ ಕತ್ತಿನ ಕೆಳಗೆ ಹೊಗೆಗೂಡಿನ ತೂತು. ನಾಲ್ಕಿಂಚಿನ ಪೈಪು ಮಾಡಿಗಿಂತ ಎರಡಡಿ ಮೇಲೇಳಬೇಕು, ಬುಡದಲ್ಲಿ ಮಸಿ ತೆಗೆಯುವ ಕಿಂಡಿ ಇರಲೇಬೇಕು. ಕಾವಿನ ಮೂವತ್ತು ಪಾಲು ನೀರಿಗೆ ಸೇರುವಂತಾದರೆ ಕಟ್ಟಿಗೆ 3 ಕೆ.ಜಿ.ಗೆ ಇಳಿಯುತ್ತದೆ. ಜಾಗ ಎರಡಿಂಚಾದರೆ ಬೆಂಕಿ ಹಂಡೆ ಮುಟ್ಟದೆ ಪೈಪಿಗೆ ಓಡುತ್ತದೆ, ಅರ್ಧ ಇಂಚಾದರೆ ಮಸಿ ಕಟ್ಟಿ ಹೊಗೆ ಬಚ್ಚಲಿಗೇ ತಿರುಗುತ್ತದೆ. ಆಷಾಢದಲ್ಲಿ ಹಸಿ ಕಟ್ಟಿಗೆ ಹಾಕಿದರೆ ಪೈಪಿನಿಂದ ಕಪ್ಪು ಟಾರು ಸುರಿಯುತ್ತದೆ. ಇದಕ್ಕೆ ಒಲೆಯನ್ನು ಬೈದು ಪ್ರಯೋಜನವಿಲ್ಲ, ಮೇ ಮುಗಿಯುವುದರೊಳಗೆ ಕಟ್ಟಿಗೆ ಸೂರು ಸೇರಿರಬೇಕಿತ್ತು.

ಸೋಲಾರ್ ವಾಟರ್ ಹೀಟರ್ ಹಾಕಿಸಿದರೂ ಈ ಒಲೆ ಕಿತ್ತುಹಾಕಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಹೆಸರಿಗಷ್ಟೇ. ಕೊಟ್ಟಿಗೆಯಲ್ಲಿ ದಿನಕ್ಕೆ 50 ಕೆ.ಜಿ. ಸಗಣಿ ಸಿಗುವುದಾದರೆ 2 ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್, ಸಗಣಿಯಷ್ಟೇ ನೀರು ಕಲಸಿ ಹಾಕಿದರೆ, ದಿನಕ್ಕೆ ಮುಕ್ಕಾಲು ಕೆ.ಜಿ. ಮೀರಿದ ಸಿಲಿಂಡರ್ ಗ್ಯಾಸಿಗೆ ಸಮ. ಆಕಳು ಎರಡಕ್ಕಿಳಿದ ಮೇಲೂ ದೊಡ್ಡ ಗುಂಡಿ ಇಟ್ಟುಕೊಂಡು ಗ್ಯಾಸ್ ಬರುವುದಿಲ್ಲ ಎಂದು ದೂರುವ ಮನೆಗಳು ಈಗೀಗ ಜಾಸ್ತಿ.

ಕೆಳಗೆ ಸ್ನಾನಕ್ಕೆ ಒಬ್ಬರಿಗೆ 20 ಲೀಟರ್ ನೀರನ್ನು 27ರಿಂದ 38 ಡಿಗ್ರಿಗೆ ತಂದರೆ ಆಯಿತು, ಕಾಲು ಯುನಿಟ್. 25 ಲೀಟರಿನ ಗೀಸರ್ ದಿನವಿಡೀ ಉರಿಸುವ ಅಗತ್ಯವೇ ಇಲ್ಲ. ಸಮುದ್ರದ ಹತ್ತಿರದ ಬಾವಿ ಬೇಸಿಗೆಯಲ್ಲಿ ಉಪ್ಪಾಗುವಲ್ಲಿ ಗೀಸರಿನ ಮೆಗ್ನೀಶಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಕಡ್ಡಿ ಕರಗಿ ಒಳಗಿನ ತಂತಿ ಕಂಡರೆ ಆವತ್ತೇ ಬದಲಿಸಿ. ಮುಂದೆ ತೂತಾಗುವುದು ಟ್ಯಾಂಕೇ.